ಮೂರು ಜೋಳದ ಕಾಳಿನ ಠಸೆ

ನಮ್ಮ ಮಾವನ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಇರಲಿಲ್ಲ. ಕುಲುಮೆಯಲ್ಲಿ ತಯಾರಾದ ಪ್ರತಿ ಚಾಕುವನ್ನೂ ಆ ಕೈಮೇಲೆ ಸವರಿ ನೋಡುತ್ತಿದ್ದರು. ಕೂದಲು ಬೋಳಿಸಿದರೆ ಚಾಕು ಪಾಸು. ಮದುವೆಯಾಗಿ ಭಾಲ್ಕಿಗೆ ಬಂದ ಹೊಸತರಲ್ಲಿ ನಾನು ಅದೇನೋ ಚರ್ಮರೋಗವೆಂದು ತಿಳಿದು ಅವರ ತಾಟು ಬೇರೆ ಇಟ್ಟಿದ್ದೆ. ಅತ್ತೆ ನಕ್ಕು ನಕ್ಕು ಸುಸ್ತಾದರು.

ಔರಾದಿನ ಸಂತೆಯಲ್ಲಿ, ಬೀದರಿನ ಕಸಾಯಿಗಳ ಅಂಗಡಿಯಲ್ಲಿ ನಮ್ಮ ಮನೆಯ ಚಾಕು ಬೇಕೆಂದವರು ಮೊದಲು ಹುಡುಕುತ್ತಿದ್ದುದು ಅಲಗಿನ ಬುಡದ ಠಸೆಯನ್ನು. ಮೂರು ಜೋಳದ ಕಾಳು. ಮಾವನ ಮುತ್ತಜ್ಜ ಶುರು ಮಾಡಿದ ಗುರುತು.

ಯಾರೇ ಬರಲಿ, ಮಾವ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಏನ್ ಕೊಯ್ಲಿಕ್ಕರಿ?" ಉಳ್ಳಾಗಡ್ಡಿಗೆ ಒಂದು ಹದ, ತೊಗಲಿಗೆ ಒಂದು, ಕುರಿಗೆ ಇನ್ನೊಂದು. ಯಾವ ಚಾಕು ಯಾರಿಗೆ ಕೊಟ್ಟರೆಂಬುದು ವರ್ಷಗಟ್ಟಲೆ ಅವರ ಬಾಯಲ್ಲೇ ಇರುತ್ತಿತ್ತು. "ಕೇಳದ ಕೊಟ್ರ ಅದು ಚಾಕು ಅಲ್ಲವ್ವ, ಬರೇ ಕಬ್ಬಿಣ," ಎನ್ನುತ್ತಿದ್ದರು.

ಹಿಡಿಕೆ ಕೂಡಿಸುತ್ತಿದ್ದವರು ಹಿಂದಿನ ಓಣಿಯ ಒಬ್ಬ ಸಾಬರು. ಎಮ್ಮೆಕೊಂಬನ್ನು ಅರದಿಂದ ಉಜ್ಜಿ ಬೆಣ್ಣೆಯಂತೆ ನುಣುಪು ಮಾಡುತ್ತಿದ್ದರು. ಇಪ್ಪತ್ತು ವರ್ಷ ಅವರೂ ಮಾವನೂ ಒಂದೇ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದವರು.

ಪೊಲೀಸ್ ಆ್ಯಕ್ಷನ್ ಆಗಿ ಮಿಲಿಟರಿ ಲಾರಿ ಬಂದ ದಿನ, ನಿಜಾಮನ ರಜಾಕಾರರ ಕಾಟ ತೀರಿತೆಂದು ಓಣಿಯಲ್ಲಿ ಬೆಲ್ಲ ಹಂಚಿದರು. ನಾನೂ ತಿಂದೆ. ರಜಾಕಾರರ ಮೇಲಿನ ಸೇಡನ್ನು ಊರ ಸಾಬರ ಮೇಲೆ ತೀರಿಸುವ ಮಾತೂ ಎದ್ದಿತ್ತು. ಆ ವಾರವೇ ನಮ್ಮ ಓಣಿಯ ನಾಲ್ವರು ಹಾಡುಹಗಲೇ ಕುಲುಮೆಗೆ ಬಂದರು. ಮಾವ ರೂಢಿಯಂತೆ ಕೇಳಿದರು. ಒಬ್ಬ ನಕ್ಕು, "ಕುಂಬಳಕಾಯಿ ಕೊಯ್ಲಿಕ್ಕ, ಕಾಕಾ," ಅಂದ. ನಾಲ್ಕು ಮಂದಿಗೆ ಒಂದೇ ಸಲ ಕುಂಬಳಕಾಯಿ ಕೊಯ್ಯುವ ಅವಸರ ಏನು ಬಂತೆಂದು ಮಾವ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಬಾಯಿಗೂ ಬೀಗ. ಚಾಕು ಕೊಟ್ಟು ಕಳಿಸಿದರು.

ಮೂರನೇ ದಿನ ಸಾಬರ ಹೆಂಡತಿ ಬಂದಳು. ಸಾಬರನ್ನು ಹಿಂದಿನ ದಿನ ಅವರ ಮನೆ ಬಾಗಿಲಲ್ಲೇ ಕೊಂದಿದ್ದರು. ಹೆಣದ ಹತ್ತಿರ ಬಿದ್ದಿದ್ದ ಚಾಕುವನ್ನು ಸೆರಗಿನೊಳಗಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಅದರ ಹಿಡಿಕೆ ಅವಳ ಗಂಡ ಕೂಡಿಸಿದ್ದೇ.

"ಭಾಯಿಸಾಬ್, ಇದು ಯಾರಿಗಿ ಕೊಟ್ಟಿದ್ರಿ? ಕಚೇರಿದಾಗ ಸಾಹೇಬ ಕೂತಾನ. ನೀವು ಬಂದು ಹೆಸರೊಂದು ಹೇಳ್ರಿ, ಸಾಕು."

ಮಾವ ಚಾಕುವನ್ನು ಮುಟ್ಟಲೂ ಇಲ್ಲ. ಒಳಗೆ ತಿದಿ ಒತ್ತುತ್ತಿದ್ದ ಮಗನ ಕಡೆ ಒಮ್ಮೆ ನೋಡಿದರು. ಆ ಮಗ ನನ್ನ ಗಂಡ.

"ಇದು ನಮ್ಮದಲ್ಲ, ಭಾಭಿ."

"ಠಸಿ ಅದ ಅಲ್ರಿ?"

"ಠಸಿ ಯಾರ್ ಬೇಕಾದ್ರ ಹೊಡೀತಾರ."

ಅವಳು ನನ್ನ ಮುಖ ನೋಡಿದಳು. ನಾನು ಕಸಬರಿಗೆ ಹಿಡಿದು ಒಳಗೆ ಹೋದೆ. ಗುಡಿಸಲು ಅಲ್ಲೇನೂ ಇರಲಿಲ್ಲ. ಎಂಟು ದಿನದೊಳಗೆ ಆಕೆ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಳು.

ಹೆಸರು ಹೇಳಿದ್ದರೆ ಆ ನಾಲ್ವರು ನನ್ನ ಗಂಡನನ್ನು ಜೀವಸಹಿತ ಬಿಡುತ್ತಿರಲಿಲ್ಲ. ನನ್ನ ಕುಂಕುಮ ಉಳಿದದ್ದು, ಆಮೇಲೆ ಮೂರು ಮಕ್ಕಳಾದದ್ದು ಆ ಸುಳ್ಳಿನಿಂದಲೇ. ಹಾಗಾಗಿ ಮಾವನನ್ನು ಬೈಯಲು ನನಗೆ ಬಾಯಿಲ್ಲ, ಕ್ಷಮಿಸಲು ಮನಸ್ಸೂ ಇಲ್ಲ. ಆ ನಾಲ್ವರಲ್ಲಿ ಒಬ್ಬ ಮುಂದೆ ಊರ ಪಂಚಾಯಿತಿಯ ಪಂಚ ಆದ. ನನ್ನ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಗೇ ಕೂತು ಉಂಡ. ಬಡಿಸಿದವಳು ನಾನೇ.

ಮಾವ ಠಸೆಯ ಉಳಿಯನ್ನು ಹಾಳುಬಾವಿಗೆ ಎಸೆದರು. ಚಾಕು ಮಾಡುವುದನ್ನೇನೂ ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ. ಬಂದವರನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ. ಕಮಲನಗರದಿಂದ ಬಂದ ಹಳೆಯ ಗಿರಾಕಿ ಠಸೆ ಎಲ್ಲಿ ಎಂದರೆ, "ಸವದು ಹೋಯ್ತ್ರಿ," ಅನ್ನುತ್ತಿದ್ದರು.

ಹತ್ತಾರು ವರ್ಷದ ಮೇಲೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, "ಆಕಿಗಿ ಹೇಳವ್ವ, ಚಾಕು ನಮ್ಮದೇ ಇತ್ತಂತ," ಅಂದರು.

"ಹೇಳ್ತೇನ್ರಿ ಮಾವ," ಅಂದೆ.

ಆಕೆ ಯಾವ ಊರಿಗೆ ಹೋದಳೆಂದು ಅಷ್ಟು ವರ್ಷ ನಮ್ಮ ಮನೆಯಲ್ಲಿ ಒಬ್ಬರೂ ವಿಚಾರಿಸಿರಲಿಲ್ಲ. ಮಾವ ಅಂದೇ ಸಂಜೆ ತೀರಿಕೊಂಡರು. ನಾನು ಇಂದಿಗೂ ವಿಚಾರಿಸಿಲ್ಲ.