ಜ್ಯೆನ್ ನಿರ್ದೇಶಕರ ಮೌನ

ಕೀಲುಂಗ್ ಬಂದರಿನ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಜ್ಯೆನ್ ಶಿಬಿನ್ ನಮ್ಮ ಸಿನಿಮಾ ಸಂಘದವರಿಗೆಲ್ಲ 'ನಿರ್ದೇಶಕರು'. ಈ ಬಿರುದು ಕೊಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಅವರೇ ಕೊಟ್ಟುಕೊಂಡಿರಬೇಕೆಂದು ನನ್ನ ಗುಮಾನಿ. ಅವರು ಒಂದು ಸಿನಿಮಾವನ್ನೂ ತೆಗೆದವರಲ್ಲ. ಬೇರೆಯವರು ತೆಗೆದ ಹಳೆಯ ಕತ್ತಿವರಸೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಮತ್ತೆ ಜೋಡಿಸಿ, "ಇದು ಹೀಗಿರಬೇಕಿತ್ತು" ಎಂದು ತೋರಿಸುವವರು. ನಾವೆಲ್ಲ ಮಾಡುವುದೂ ಅದನ್ನೇ. ಪ್ರದರ್ಶನಕ್ಕೆ ಟಿಕೆಟ್ಟಿಲ್ಲ, ಮೂಲ ಚಿತ್ರವನ್ನು ದುಡ್ಡು ಕೊಟ್ಟು ಕೊಂಡಿದ್ದಕ್ಕೆ ಸಾಕ್ಷಿಯಾಗಿ ಅದರ ಡಿಸ್ಕನ್ನು ಬಾಗಿಲಲ್ಲಿ ತೋರಿಸಿ ಒಳಗೆ ಬರಬೇಕು, ಅಷ್ಟೆ.

ಸಂಘದಲ್ಲಿ ಇನ್ನೊಂದು ಕಟ್ಟಳೆಯಿದೆ. ಕೊನೆಗೆ ಸಿದ್ಧವಾದ ಫೈಲನ್ನು ಕತ್ತರಿಸಿದವರಲ್ಲದೆ ಬೇರೊಬ್ಬರು, ಮಾಮೂಲಿ ಟಿವಿಯಲ್ಲಿ, ಪೂರ್ತಿ ನೋಡಬೇಕು. ಜೋಡಿಸಿದವನಿಗೆ ಅಲ್ಲಿ ಇರಬೇಕಾದದ್ದು ಕಾಣುತ್ತದೆಯೇ ಹೊರತು ಇರುವುದು ಕಾಣುವುದಿಲ್ಲ. ಈ ಕೆಲಸ ಹಲ್ಲಿನ ಡಾಕ್ಟರ್ ಶುಲ್ಯೆನ್ ಅವರದು. ಹುಳುಕು ಹುಡುಕುವುದೇ ಅವರ ಕಸುಬು. ತಮ್ಮ ಕ್ಲಿನಿಕ್ಕಿನ ಛಾವಣಿಯ ಟಿವಿಗೆ ಹಾಕಿ, ಬಾಯಿ ತೆರೆದು ಮಲಗಿದ ರೋಗಿಗಳಿಗೂ ತೋರಿಸುತ್ತಾರೆ. ರೋಗಿಗಳು ಚಕಾರ ಎತ್ತುವ ಸ್ಥಿತಿಯಲ್ಲಿರುವುದಿಲ್ಲ.

ಈ ಸಲ ಜ್ಯೆನ್ ಕಟ್ಟಳೆ ಮುರಿದರು.

"ಫೈಲ್ ಕೊಡಿ, ನೋಡ್ತೀನಿ" ಎಂದರು ಶುಲ್ಯೆನ್.

"ನೋಡಾಯ್ತು ಡಾಕ್ಟ್ರೇ. ಇದು ಕಲೆ, ದವಡೆ ಹಲ್ಲಲ್ಲ."

ನೋಡಿದ್ದು ನಿಜ, ಹೇಗೆಂದರೆ, ಅಂಗಡಿಯಲ್ಲಿ ಗಿರಾಕಿಗಳಿದ್ದುದರಿಂದ ಸದ್ದು ಪೂರಾ ಇಳಿಸಿ, ದೃಶ್ಯಗಳನ್ನು ಜೋಡಿಸಿದ ಒಂದು ಬೆಸುಗೆಯಿಂದ ಇನ್ನೊಂದಕ್ಕೆ ನೆಗೆಯುತ್ತ. ಬೆಸುಗೆಗಳೇನೋ ಬೆಣ್ಣೆಯಂತಿದ್ದವು.

ಜ್ಯೆನ್ ಈ ಸಲ ಆರಿಸಿಕೊಂಡ ಚಿತ್ರದ ಕೊನೆಯಲ್ಲಿ, ಮಳೆಯಲ್ಲಿ ನಿಂತು ಸನ್ಯಾಸಿಯೊಬ್ಬ ಮಾತಾಡುವ ದೃಶ್ಯವಿತ್ತು. ಚಿತ್ರ ಬಿಡುಗಡೆಯಾದ ಕಾಲದಲ್ಲೇ ನಿರ್ಮಾಪಕರು ಅದನ್ನು ಕಿತ್ತುಹಾಕಿದ್ದರು. ಸನ್ಯಾಸಿಗೆ ಧ್ವನಿ ಕೊಟ್ಟಿದ್ದ ಲಾನ್ ಅಜ್ಜ ಇಲ್ಲೇ ಗುಡ್ಡದ ಮೇಲೆ ಸೊಸೆಯ ಜೊತೆ ಇದ್ದಾರೆ. ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆ ಧ್ವನಿಯನ್ನು ಜನರ ನಡುವೆ ಕೂತು ಒಮ್ಮೆ ಕೇಳಬೇಕೆಂಬುದೊಂದೇ ಅವರಿಗುಳಿದಿದ್ದ ಆಸೆ. ಜ್ಯೆನ್ ಎಲ್ಲೋ ಒಂದು ಸವೆದ ಕ್ಯಾಸೆಟ್ಟಿನಲ್ಲಿ ದೃಶ್ಯವನ್ನು ಪತ್ತೆಹಚ್ಚಿ, ಅಜ್ಜನಿಗಾಗಿಯೇ ಇಡೀ ಚಿತ್ರ ಕತ್ತರಿಸಿ ಮತ್ತೆ ಜೋಡಿಸಿದ್ದರು. ಇದನ್ನು ಮಾತ್ರ ನಾನು ತಮಾಷೆ ಮಾಡಲಾರೆ.

ಪ್ರದರ್ಶನದ ದಿನ ಅಜ್ಜ ಇಸ್ತ್ರಿ ಮಾಡಿದ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಸನ್ಯಾಸಿ ಬಂದ. ತುಟಿ ಅಲುಗಾಡಿತು. ಮಳೆ ಸುರಿಯಿತು. ಮಾತಿಲ್ಲ. ಅಜ್ಜ ಕಿವಿಯನ್ನು ಪರದೆಯ ಕಡೆ ತಿರುಗಿಸಿದರು. ಮಳೆಯೇ ಮಳೆ. ದೃಶ್ಯ ಮುಗಿಯಿತು.

ಜ್ಯೆನ್‌ಗೆ ಆಗ ಹೊಳೆಯಿತು. ಮಳೆಯನ್ನೂ ಮಾತನ್ನೂ ಕಂಪ್ಯೂಟರಿನಲ್ಲಿ ಬೇರೆಬೇರೆ ಧ್ವನಿಪಟ್ಟಿ ಮಾಡಿ, ಮಳೆಯ ಸದ್ದಿನ ಕರಕರ ತೆಗೆಯುವಾಗ ಮಾತಿನ ಪಟ್ಟಿಯನ್ನು ಮುಚ್ಚಿದ್ದರು. ಮತ್ತೆ ತೆರೆಯದೆಯೇ ಫೈಲ್ ಹೊರತೆಗೆದಿದ್ದರು. ಎದ್ದು ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಚಪ್ಪಾಳೆ.

"ಏನ್ ಧೈರ್ಯ ನಿರ್ದೇಶಕ್ರೇ! ಮಾತೇ ಬೇಡ ಅಂದ್ಬಿಟ್ರಲ್ಲ!" ಎಂದರು ಯಾರೋ.

ಜ್ಯೆನ್ ತೆರೆದ ಬಾಯಿಂದ ಬಂದದ್ದು ಇಷ್ಟು: "ಮೌನಕ್ಕೂ ಒಂದು ಮಾತಿರುತ್ತೆ, ನೋಡಿ."

ಅಜ್ಜ ಕೋಲು ತಡವುತ್ತ ಎದ್ದರು. "ಸರಿಯಪ್ಪಾ. ನನ್ನ ದನಿ ಅಲ್ಲಿ ಬೇಡ ಅಂತ ನಿಮಗೂ ಅನ್ನಿಸಿದ್ರೆ, ಆವಾಗಿನವ್ರು ಕಿತ್ತಿದ್ದೂ ಸರೀನೇ ಇರ್ಬೇಕು."

ಆಮೇಲೆ ಜ್ಯೆನ್‌ಗೆ ಗಿರಾಕಿಗಳ ಕನ್ನಡಕದ ನಂಬರು ತಪ್ಪತೊಡಗಿತು. ಕೀಲುಂಗಿನಲ್ಲಿ ಮಳೆಯ ಸದ್ದಿನಿಂದ ಓಡಿಹೋಗೋಣವೆಂದರೆ ಜಾಗವಿಲ್ಲ. ಅಂಗಡಿಯ ತಗಡಿನ ಮೇಲೆ ಹನಿ ಬಿದ್ದರೆ ಸಾಕು, ಆ ತುಟಿಗಳು ಕಣ್ಣಮುಂದೆ ಅಲುಗುತ್ತಿದ್ದವು. ಬೀದಿಯಲ್ಲಿ ಯಾರಾದರೂ 'ನಿರ್ದೇಶಕರೇ' ಎಂದರೆ ಕೊಡೆ ಅಡ್ಡ ಹಿಡಿದು ನಡೆದುಬಿಡುತ್ತಿದ್ದರು. ಕಡೆಗೊಂದು ದಿನ ಇಲ್ಲದ ಹಲ್ಲುನೋವಿನ ನೆಪ ಹೇಳಿಕೊಂಡು ಶುಲ್ಯೆನ್ ಕುರ್ಚಿಯಲ್ಲಿ ಮಲಗಿದರು.

"ಎಲ್ಲಿ ನೋವು?"

"ಮಾತಿನ ಪಟ್ಟಿ ಮುಚ್ಚಿತ್ತು, ಡಾಕ್ಟ್ರೇ."

ಶುಲ್ಯೆನ್ ಕೈಗವಸು ಬಿಚ್ಚಿದರು. "ಗೊತ್ತು. ಮೌನ ಅಂದ್ರೆ ತುಟಿ ಅಲ್ಲಾಡುತ್ತೇನ್ರೀ? ನನಗೆ ಹೇಳಿ ಪ್ರಯೋಜನ ಇಲ್ಲ. ಸರಿಮಾಡಿದ ಫೈಲ್ ಕೊಟ್ಟು ಹೋಗಿ. ಪೂರ್ತಿ ನೋಡಿ ಕೊಡ್ತೀನಿ. ಆಮೇಲೆ ಗುಡ್ಡ ಹತ್ತೋದು ನಿಮ್ಮ ಪಾಡು."

ಅಜ್ಜನ ಮನೆಯ ಮೆಟ್ಟಿಲು ಹತ್ತುವಾಗ ಜ್ಯೆನ್ 'ಪರಿಷ್ಕೃತ ಆವೃತ್ತಿ' ಎಂಬೊಂದು ನೆಪದ ಮಾತನ್ನು ಸಿದ್ಧಮಾಡಿಕೊಂಡಿದ್ದರಂತೆ. ಬಾಗಿಲು ತೆರೆದ ಸೊಸೆ, "ಮಾವ ಈಗ ರೇಡಿಯೋ ಹಾಡಿಗೂ ದನಿಗೂಡಿಸೋದು ಬಿಟ್ಟಿದ್ದಾರೆ" ಎಂದಾಗ ಆ ಮಾತನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋದರು.

"ಅಜ್ಜಾ, ಅದು ಮೌನ ಅಲ್ಲ. ನಾನು ಮರೆತಿದ್ದು. ಆಮೇಲೆ ಸುಳ್ಳು ಹೇಳಿದ್ದು" ಎಂದರು. ಫೈಲ್ ಹಾಕಿದರು. ಮಳೆಯ ನಡುವೆ ಆ ಧ್ವನಿ ಬಂತು, ಎಲ್ಲೂ ಕರಕರ ಇಲ್ಲದೆ. ಅಜ್ಜನ ಜೊತೆ ಕೇಳಿದವರು ಸೊಸೆ, ಜ್ಯೆನ್, ಕಿಟಕಿಯಲ್ಲಿದ್ದ ಬೆಕ್ಕು.

ಅಜ್ಜ ಜ್ಯೆನ್ ಕಡೆಗೆ ಮುಖ ತಿರುಗಿಸಿದರು.

"ಚೆನ್ನಾಗಿದೆ ಕಣಯ್ಯ. ಆದ್ರೆ ಆವತ್ತೇ ಯಾಕೆ ಬಾಯಿಬಿಡ್ಲಿಲ್ಲ? ಆ ಮಾತೆಲ್ಲ ನಂಗೆ ಬಾಯಿಪಾಠ. ಕೂತಲ್ಲಿಂದ್ಲೇ ಹೇಳ್ಬಿಡ್ತಿದ್ದೆ. ಜನಾನೂ ಇದ್ರು."