ಎರಡು ಬೆರಳು ಹಿಡಿಸದ ಬಾಯಿ

ಕೊರೊನಾ ಗಲಾಟೆ ಅಡಗಿದ ಮರುವರ್ಷದ ಮಾತು. ಆಗ ನಾನು ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಜನರ ಮಾತಿನಲ್ಲಿ ಹೇಳುವುದಾದರೆ, ಮತ್ತು ಕೊಡುವ ಡಾಕ್ಟರು. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿದರೆ ನಮ್ಮ ಕೆಲಸ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಕೆಲಸ ಶುರುವಾಗುವುದೇ ಆಮೇಲೆ. ದೊಡ್ಡ ಆಪರೇಷನ್ನಿಗೆ ಕೊಡುವ ಔಷಧಿಗಳಿಂದ ರೋಗಿಯ ಸ್ವಂತ ಉಸಿರು ನಿಂತುಹೋಗುತ್ತದೆ. ತಕ್ಷಣ ಬಾಯಿ ತೆರೆದು, ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ, ಆ ಉಸಿರನ್ನು ನಾವು ನಡೆಸಬೇಕು. ಅದಕ್ಕೇ ಮೊದಲು ಎಲ್ಲರಿಗೂ ಬಾಯಿ ತೆಗೆಯಲು ಹೇಳುತ್ತೇವೆ. ಅವರವರ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸಬೇಕು.

ಒಂದು ಭಾನುವಾರ ಬೆಳಿಗ್ಗೆ ಪವಿತ್ರ ಎಂಬ ಹುಡುಗಿಯನ್ನು ಆಂಬುಲೆನ್ಸಿನಲ್ಲಿ ತಂದರು. ಇಪ್ಪತ್ತೊಂದು ವರ್ಷ. ಊರು ಸೂಳಗಿರಿ ಪಕ್ಕದ ಹಳ್ಳಿ. ಮೊಬೈಲ್ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ, ಹೊಸೂರಿನ ಆಲಸನತ್ತಂ ಬಡಾವಣೆಯ ಲೇಡೀಸ್ ಹಾಸ್ಟೆಲಿನಲ್ಲಿ ವಾಸ. ಅದೇ ಕಾರ್ಖಾನೆಯಲ್ಲಿ ದುಡಿಯುವ ರೂಮಿನ ಗೆಳತಿ ದೀಪಾಳ ಸ್ಕೂಟರಿನಲ್ಲಿ ಊರಿಗೆ ಹೊರಟಿದ್ದಾಗ ಸರ್ವಿಸ್ ರಸ್ತೆಯ ಮರಳಿನಲ್ಲಿ ಚಕ್ರ ಜಾರಿತ್ತು. ದೀಪಾಳಿಗೆ ಮೊಣಕೈ ತರಚಿತ್ತು, ಅಷ್ಟೆ. ಹಿಂದೆ ಕೂತಿದ್ದ ಪವಿತ್ರಳ ಎಡಪಕ್ಕೆ ರಸ್ತೆಯ ಕಲ್ಲಿಗೆ ಬಡಿದಿತ್ತು. ಸ್ಕ್ಯಾನ್ ಮಾಡಿದಾಗ ಎಡ ಪಕ್ಕೆಲುಬಿನಡಿಯ ಗುಲ್ಮ, ಎಂದರೆ ಸ್ಪ್ಲೀನ್, ಒಡೆದು ಹೊಟ್ಟೆಯಲ್ಲಿ ರಕ್ತ ತುಂಬುತ್ತಿರುವುದು ಕಂಡಿತು. ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು. ಸರ್ಜನ್ ಆಗಲೇ ಕೈ ತೊಳೆಯಲು ಹೋಗಿದ್ದರು.

ನಾನು ಅವಳ ತಲೆಯ ಹತ್ತಿರ ನಿಂತು, "ಬಾಯಿ ತೆಗಿಯಮ್ಮ, ಪೂರ್ತಿ" ಎಂದೆ.

ತೆಗೆದಳು. ಒಂದು ಬೆರಳು ಹೋಯಿತು. ಎರಡನೆಯದು ಹೋಗಲಿಲ್ಲ.

"ಇನ್ನೂ ತೆಗಿ."

"ಇಷ್ಟೇ ಬರಾದು ಮೇಡಂ" ಎಂದಳು, ಹಲ್ಲು ಕಚ್ಚಿದಂಥ ದನಿಯಲ್ಲಿ.

ದವಡೆಗೆ ಪೆಟ್ಟಾಗಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಕೆನ್ನೆಯ ಒಳಗೋಡೆ ಕೆಂಪಗಿರುವ ಬದಲು ಸುಣ್ಣದಂತೆ ಬೆಳ್ಳಗಿತ್ತು. ಬೆರಳಿಗೆ ಹುರಿಹಗ್ಗದಂಥ ಪಟ್ಟಿಗಳು ಸಿಕ್ಕವು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯ ಅಂಶ ದಿನವೂ ತಾಗಿ ತಾಗಿ ಬಾಯಿಯ ಮೆತ್ತನೆಯ ಒಳಚರ್ಮ ನಾರಾಗಿ ಬಿಗಿದುಕೊಳ್ಳುವ ಕಾಯಿಲೆ. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ವರ್ಷಗಟ್ಟಲೆ ಗುಟ್ಕಾ ಜಗಿದ ಲಾರಿ ಡ್ರೈವರುಗಳಲ್ಲಿ ನೋಡಿದ್ದೆ. ಈ ವಯಸ್ಸಿನ ಹುಡುಗಿಯಲ್ಲಿ ನೋಡಿರಲಿಲ್ಲ.

"ಏನು ಹಾಕ್ಕೋತೀಯ ಬಾಯಿಗೆ?"

"ಏನಿಲ್ಲ ಮೇಡಂ. ಸ್ವೀಟ್ ಪಾಕ್ಕು ಅಷ್ಟೇಯ."

ನಮ್ಮ ಕಡೆ ಅಡಿಕೆಗೆ ತಮಿಳಿನ ಪಾಕ್ಕು ಎಂಬ ಮಾತೇ ಬಳಕೆ. ಅವಳು ಹೇಳಿದ್ದು ಬಣ್ಣದ ಪುಟ್ಟ ಪೊಟ್ಟಣದಲ್ಲಿ ಬರುವ, ಸಕ್ಕರೆ ಮತ್ತು ಘಮಲು ಬೆರೆಸಿದ ಅಡಿಕೆಚೂರು. ಹೊಗೆಸೊಪ್ಪು ಇಲ್ಲ. ಅದಕ್ಕೇ ಅದು ಯಾರ ಲೆಕ್ಕದಲ್ಲೂ ಚಟವಲ್ಲ.

ಸಿಟ್ಟು ಮಾಡಿಕೊಳ್ಳಲು ಆಗ ಪುರುಸೊತ್ತಿರಲಿಲ್ಲ. ಎಂದಿನಂತೆ ಮತ್ತು ಕೊಟ್ಟರೆ ಉಸಿರು ನಿಲ್ಲುತ್ತದೆ, ಟ್ಯೂಬ್ ಹಾಕಲು ಬಾಯಿ ಇಲ್ಲ, ಮೇಜಿನ ಮೇಲೇ ಸಾಯುತ್ತಾಳೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಮೊದಲೇ ಇಳಿದಿರುವ ರಕ್ತದೊತ್ತಡ ನೆಲ ಕಚ್ಚುತ್ತದೆ. ಮೂಗಿನಿಂದ ನೋಡಿಕೊಂಡು ಟ್ಯೂಬ್ ಇಳಿಸುವ ಫೈಬರ್ ಆಪ್ಟಿಕ್ ಸ್ಕೋಪ್ ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಹೋಗಿಬಿಡುತ್ತಾಳೆ. ಉಳಿದದ್ದು ಹಳೆಯ ಕಾಲದ ಒಂದೇ ವಿದ್ಯೆ. ಎಚ್ಚರವಿರುವಾಗಲೇ, ಅವಳೇ ಉಸಿರಾಡುತ್ತಿರುವಾಗಲೇ, ಮೂಗಿನಿಂದ ಟ್ಯೂಬ್ ತೂರಿಸಿ, ಅದರ ತುದಿಗೆ ಕಿವಿಯಿಟ್ಟು, ಉಸಿರಿನ ಸದ್ದು ಹಿಡಿದು ಕುರುಡಾಗಿ ಇಳಿಸುವುದು. ಅದೂ ತಪ್ಪಿದರೆ ಕತ್ತಿನಲ್ಲಿ ತೂತು. ಇಎನ್‌ಟಿ ಡಾಕ್ಟರು ಅವಳ ಕತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬ್ಲೇಡು ಹಿಡಿದು ಪಕ್ಕದಲ್ಲಿ ನಿಂತರು.

"ಪವಿತ್ರ, ನಿನಗೆ ನಿದ್ದೆ ಕೊಡಕ್ಕೆ ಆಗ್ತಿಲ್ಲ. ಉಸಿರು ಎಳ್ಕೊಳೋದು ಮಾತ್ರ ನಿಲ್ಲಿಸಬೇಡ" ಎಂದೆ. ಅವಳು ನರ್ಸಿನ ಕೈ ಹಿಡಿದುಕೊಂಡಳು.

ಮೂಗಿಗೆ, ಗಂಟಲಿಗೆ ಮರಗಟ್ಟುವ ಔಷಧಿ ಹಾಕಿ ಶುರು ಮಾಡಿದೆ. ಮೊದಲ ಸಲ ಟ್ಯೂಬ್ ಅನ್ನನಾಳಕ್ಕೆ ಹೋಯಿತು, ಸದ್ದು ನಿಂತಿತು. ಹಿಂದಕ್ಕೆ ಎಳೆದೆ. ಮೂಗಿನಿಂದ ರಕ್ತ ಬಂತು. ಆ ರಕ್ತ ಗಂಟಲಿಗಿಳಿದು ಅವಳು ಕೆಮ್ಮತೊಡಗಿದಳು. "ಕತ್ತರಿಸಲೇ?" ಎಂದರು ಇಎನ್‌ಟಿ ಡಾಕ್ಟರು. "ಇನ್ನೊಂದೇ ಸಲ" ಎಂದೆ. ಅವಳ ತಲೆಯನ್ನು ಸ್ವಲ್ಪ ಎತ್ತಿ ತಿರುಗಿಸಿ ಮತ್ತೆ ಕಿವಿಗೊಟ್ಟೆ. ಅವಳು ಉಸಿರೆಳೆದ ಆ ಒಂದು ಕ್ಷಣಕ್ಕೆ ಟ್ಯೂಬ್ ತಳ್ಳಿದೆ. ಬಿಸಿಯುಸಿರು ಕೆನ್ನೆಗೆ ಬಡಿಯಿತು. ಮಾನಿಟರಿನಲ್ಲಿ ಅವಳ ಉಸಿರಿನ ಅಲೆ ಎದ್ದಿತು. ಆಗ ಮತ್ತು ಕೊಟ್ಟೆ. ಸರ್ಜನ್ ಹೊಟ್ಟೆ ತೆರೆದು ಗುಲ್ಮ ತೆಗೆದರು. ಹುಡುಗಿ ಉಳಿದಳು.

ಹೊರಗೆ ತಾಯಿ ಮುನಿಯಮ್ಮ ಕೂತಿದ್ದರು. ಬಾಯಿಯ ವಿಷಯ ಕೇಳಿದೆ.

"ನಮ್ ಮಗ್ಳಿಗೆ ಒಂದ್ ಕೆಟ್ ಬುದ್ಧಿ ಇಲ್ಲ ಮೇಡಂ. ಒಂದ್ ವರ್ಸ್ದಿಂದ ಸಾರೇ ಬುಟ್ಬುಟ್ಟವ್ಳೆ, ಬರೀ ಮೊಸ್ರನ್ನ. ಸಣ್ಣಗಾಗಾಕೆ ಇಂಗ್ ಮಾಡ್ತಾವ್ಳೆ ಅನ್ಕೊಂಡಿದ್ವಿ."

ಖಾರ ತಾಗಿದರೆ ಬಾಯಿ ಬೆಂಕಿಯಾಗುತ್ತಿದ್ದುದರಿಂದ ಅವಳು ಸಾರು ಬಿಟ್ಟಿದ್ದಳು. ಪಾಕ್ಕಿನ ವಿಷಯ ಹೇಳಿದಾಗ ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇಸ್ಕೂಲ್ಗೆ ಓಗ್ತಿದ್ದಾಗ್ಲಿಂದ ನಾನೇ ತಂದ್ಕೊಡ್ತಿದ್ನಲ್ಲ ಮೇಡಂ! ಚಾಕ್ಲೇಟ್ ತಿಂದ್ರೆ ಅಲ್ಲು ಉಳ ಬೀಳ್ತದೆ, ಇದೇ ವಾಸಿ ಅಂತ."

ಆ ತಾಯಿಗೆ ಏನೆಂದು ಬೈಯಲಿ? ನುಂಗಿಕೊಂಡೆ. ನುಂಗಿದ ಸಿಟ್ಟು ಹೊರಬಿದ್ದದ್ದು ಪವಿತ್ರ ವಾರ್ಡಿಗೆ ಬಂದ ಮೇಲೆ. ರೌಂಡ್ಸಿಗೆ ಹೋದಾಗ ದೀಪಾ ಎಳನೀರು ತಂದು ಹಾಸಿಗೆಯ ಪಕ್ಕ ಕೂತಿದ್ದಳು. ಅವಳ ಎಡಗೆನ್ನೆ ಉಬ್ಬಿತ್ತು. ಗೆಳತಿಯ ಹೊಟ್ಟೆಯ ಹೊಲಿಗೆ ಇನ್ನೂ ಹಸಿ, ಇವಳ ಬಾಯಲ್ಲಿ ಅದೇ ಪಾಕ್ಕು!

"ಉಗಿ ಅದನ್ನ!" ಎಂದು ಕೂಗಿದೆ. ಇಡೀ ವಾರ್ಡು ತಿರುಗಿ ನೋಡಿತು.

"ಅಯ್ಯೋ, ಗುಟ್ಕಾ ಅಲ್ಲ ಮೇಡಂ ಇದು…"

"ಉಗಿದು ಬಾಯಿ ತೆಗಿ. ಮೂರು ಬೆರಳು ಇಡು."

ಕಸದ ಬುಟ್ಟಿಗೆ ಉಗಿದು ಬೆರಳಿಟ್ಟಳು. ಎರಡು ಹೋದವು. ಮೂರನೆಯದನ್ನು ತಿರುಗಿಸಿ, ಓರೆ ಮಾಡಿ, ತುರುಕಲು ನೋಡಿದಳು. ಆಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

"ಫ್ಯಾಕ್ಟ್ರಿ ಲೈನ್‌ನಾಗೆ ನಿಂತ್ರೆ ನಿದ್ದೆ ಬತ್ತದೆ ಮೇಡಂ. ಊಟಕ್ಕೆ ಬಿಡಾಗಂಟ ಹಸಿವು ತಡೀತದೆ. ಎಲ್ರೂ ಹಾಕ್ಕೊತಾರೆ."

"ಎಲ್ಲರ ಗಂಟಲಿಗೂ ಟ್ಯೂಬ್ ಹಾಕೋಕೆ ನಾನು ಇರ್ತೀನಾ?" ಎಂದೆ. ಹಾಸಿಗೆಯಲ್ಲಿದ್ದ ಪವಿತ್ರ ಗೆಳತಿಯ ಕೈ ಹಿಡಿದು, "ಬುಟ್ಬುಡು ಕಣೆ. ಎಚ್ಚರಾಗೇ ಪೈಪ್ ಹಾಕುಸ್ಕೊಂಡೋಳು ನಾನು" ಎಂದಳು.

ಅಂದು ಸಂಜೆ ಆ ಹಾಸ್ಟೆಲಿನ ಪಕ್ಕದ ಅಂಗಡಿಗೆ ಹೋದೆ. ಪೊಟ್ಟಣಗಳ ಸರ ಚಾಕ್ಲೇಟ್ ಡಬ್ಬಿಗಳ ಮೇಲೆ, ಮಕ್ಕಳ ಕೈಗೆಟುಕುವಂತೆ ತೂಗುತ್ತಿತ್ತು. ಮಾರಬೇಡಿ ಎಂದೆ. ಅಂಗಡಿಯವನು ಸಮಾಧಾನವಾಗಿಯೇ ಕೇಳಿದ: "ಗೌರ್ಮೆಂಟೇ ಬೇಡ ಅಂದಿಲ್ಲ. ನೀವ್ ಯಾರು ಮೇಡಂ ಹೇಳಾಕೆ?" ಇವತ್ತಿಗೂ ಆ ಸರ ಅಲ್ಲೇ ತೂಗುತ್ತಿದೆ, ನನ್ನ ಸಿಟ್ಟೂ ಇಳಿದಿಲ್ಲ.

ಪವಿತ್ರ ಪಾಕ್ಕು ಬಿಟ್ಟಳು. ದಂತವೈದ್ಯರು ಕೆನ್ನೆಗೆ ಇಂಜೆಕ್ಷನ್ ಕೊಟ್ಟರು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತಾ ಹಲ್ಲುಗಳ ನಡುವೆ ಕಚ್ಚಿ ಹಿಡಿಯುವ ವ್ಯಾಯಾಮವನ್ನು ಅವಳು ತಿಂಗಳುಗಟ್ಟಲೆ ಅಳುತ್ತಲೇ ಮಾಡಿದಳು. ಈಗ ಕಷ್ಟಪಟ್ಟರೆ ಎರಡು ಬೆರಳು ಹಿಡಿಸುತ್ತವೆ. ಮೂರು ಎಂದೂ ಹಿಡಿಸಲಾರವು. ಹುಣ್ಣು ಎದ್ದಿದೆಯೇ ಎಂದು ಬದುಕಿರುವವರೆಗೂ ತೋರಿಸಿಕೊಳ್ಳುತ್ತಿರಬೇಕು. ದೀಪಾಳಿಗೆ ಚಿಕಿತ್ಸೆಗೆ ಬಾ ಎಂದು ಎರಡು ಸಲ ಹೇಳಿಕಳಿಸಿದೆ. ಹಾಸ್ಟೆಲ್ ಬದಲಿಸಿದಳಂತೆ. ಬರಲಿಲ್ಲ.

ಅದಾದ ಮೇಲೆ ನಿವೃತ್ತಿಯಾಗುವವರೆಗೂ ಯಾವ ಹುಡುಗ ಹುಡುಗಿಯನ್ನೂ "ಕೆಟ್ಟ ಅಭ್ಯಾಸ ಇದೆಯಾ?" ಎಂದು ನಾನು ಕೇಳಲಿಲ್ಲ. ಎಲ್ಲರೂ ಇಲ್ಲವೆನ್ನುತ್ತಾರೆ, ಸುಳ್ಳು ಹೇಳುತ್ತಿರುವುದಿಲ್ಲ. "ದಿನಾ ಏನು ಮಾಡ್ತೀಯ, ಯೋಚನೆ ಮಾಡದೆ?" ಎಂದು ಕೇಳುತ್ತಿದ್ದೆ. ನನ್ನ ವೃತ್ತಿ ಕಲಿಸಿದ್ದು ಇದು: ಎಳೆಯರನ್ನು ಹಾಳುಮಾಡುವಂಥದ್ದು ಬಹಳ ಸಲ ಅವರಿಗೇ ನೆನಪಿರದಷ್ಟು ಸಣ್ಣದು. ಆ ಭಾನುವಾರ ರಸ್ತೆಯ ಮರಳು ಪವಿತ್ರಳನ್ನು ಬೀಳಿಸಿತು, ನಿಜ. ಅವಳನ್ನು ಉಳಿಸುವ ದಾರಿಯನ್ನು ಮುಚ್ಚಿದ್ದು ಮಾತ್ರ ಅವಳ ಕೈಯೇ. ಚೂರುಚೂರಾಗಿ, ಶಾಲೆಯ ದಿನಗಳಿಂದ, ಮನೆಯವರೆಲ್ಲರ ಕಣ್ಣೆದುರಿಗೇ. ಆಗೆಲ್ಲ ಅವರು ಅವಳನ್ನು ಒಂದು ಕೆಟ್ಟ ಬುದ್ಧಿಯೂ ಇಲ್ಲದ ಒಳ್ಳೆಯ ಹುಡುಗಿ ಎಂದು ಹೊಗಳುತ್ತಿದ್ದರು.