ಈರಪ್ಪ ಕಾಕಾ ಇರಾನಿನಲ್ಲಿ ಹಾಕಿದ ಗಂಟು

ಬೆಟಗೇರಿಯ ನೇಕಾರ ಈರಪ್ಪ ಕಾಕಾ ಎದುರಿಗೆ ಬಂದವರ ಮುಖ ನೋಡುವ ಮೊದಲು ಅಂಗಿಯ ಅಂಚು ಹಿಡಿದು ನೋಡುತ್ತಿದ್ದರು. ಎರಡು ಬೆರಳ ನಡುವೆ ಒಮ್ಮೆ ಉಜ್ಜಿ, "ನಾಕ ಸಲ ಒಗದ್ರ ಹೋತು ನೋಡ್ರಿ ಇದು" ಎನ್ನುತ್ತಿದ್ದರು. ನಾನು ಅವರ ಪಕ್ಕದ ಮನೆಯವನು, ಮುಂಡರಗಿಯಲ್ಲಿ ಶಾಲಾ ಮಾಸ್ತರ. ನೌಕರಿ ಸಿಕ್ಕ ಮೇಲೆ ನನಗೂ 'ರಿ' ಹಚ್ಚತೊಡಗಿದ್ದರು. ಸಿಟ್ಟು ಬಂದರೆ ಮಾತ್ರ "ಲೇ ಮೆಹಬೂಬ".

ಬೆನ್ನಿಗೆ ಚೀಲ ಹಾಕಿಕೊಂಡು ಇರಾನ್ ಸುತ್ತಬೇಕೆಂಬುದು ನನ್ನ ಹಳೆಯ ಆಸೆ. ಜೊತೆಗೆ ಬರಬೇಕಿದ್ದ ಗೆಳೆಯ ಹೆದರಿ ಹಿಂದೆ ಸರಿದ. ನನ್ನ ತಾಯಿ ಕಾಕಾರ ಮುಂದೆ ದೂರಿದಳು: "ಟಿವಿ ನೋಡಂಗಿಲ್ಲೇನ್ ಇವ? ಅಲ್ಲಿ ಬರೇ ಬಾಂಬು, ಪೊಲೀಸು!"

"ಟಿವಿಯಾವ ನಮ್ಮ ಓಣಿಗೂ ಬಂದಿದ್ದನಲ್ಲಕ್ಕಾ. ಗಟಾರ ಅಷ್ಟ ತೋರಿಸಿ ಹೋದ. ಬೆಟಗೇರಿ ಅಂದ್ರ ಗಟಾರ ಅಷ್ಟ ಏನು? ನಾ ಹೊಕ್ಕೀನಿ ಇವನ ಕೂಡ."

ಯಾವುದೋ ಕೈಮಗ್ಗದ ಮೇಳಕ್ಕೆಂದು ಮಾಡಿಸಿದ್ದ ಪಾಸ್‌ಪೋರ್ಟು ಅವರ ಪೆಟ್ಟಿಗೆಯಲ್ಲೇ ಇತ್ತು. ಹೊರಡುವ ದಿನ ಅವರ ಮಗಳು ಶಾರದಾ ನನ್ನನ್ನು ಬದಿಗೆ ಕರೆದಳು: "ಅಪ್ಪಗ ಏನರ ಆದ್ರ ನೀವ ಜವಾಬ್ದಾರ್ರಿ ಅಣ್ಣಾ."

ನನ್ನ ತಾಯಿ ಹೆದರಿದ್ದು ಯಾವುದೂ ಇರಾನಿನಲ್ಲಿ ಎದುರಾಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಸೌತೆಕಾಯಿ ಹೆರೆದು ಕೊಟ್ಟರು. ಕಾಕಾ ಅವರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ದಾರಿ ಕೇಳಿದರೆ ಒಬ್ಬಾಕೆ ಎರಡು ಓಣಿ ನಮ್ಮ ಜೊತೆಗೇ ನಡೆದು ಬಂದಳು.

ಮರುಭೂಮಿಯಂಚಿನ ಒಂದು ಊರಿನಲ್ಲಿ, ತೆರೆದ ಬಾಗಿಲೊಳಗೆ ಒಬ್ಬ ಮುದುಕಿ ನಮ್ಮ ಜಮಖಾನದಂಥದೇ ನೂಲಿನ ಹಾಸು ನೇಯುತ್ತಿದ್ದಳು. ಕೈಸನ್ನೆಯಲ್ಲೇ ನಮ್ಮನ್ನು ಕರೆದು ಕೂರಿಸಿ, ಚಹಾ ತರಲು ಒಳಗೆ ಹೋದಳು. ಮಗ್ಗದಲ್ಲಿ ಒಂದು ಎಳೆ ಹರಿದಿತ್ತು.

"ಕಾಕಾ, ಮುಟ್ಟಬ್ಯಾಡ್ರಿ."

"ಹರದ ಎಳಿ ಕಂಡ ಮ್ಯಾಲ ಹ್ಯಾಂಗ ಸುಮ್ನ ಕುಂಡ್ರಲಿ?"

ಇನ್ನೊಬ್ಬರ ಮಗ್ಗವನ್ನು ಕೇಳದೆ ಮುಟ್ಟಬಾರದೆಂಬುದು ಬೆಟಗೇರಿಯಲ್ಲೂ ಎಲ್ಲರಿಗೂ ಗೊತ್ತು. ಕಾಕಾ ತುದಿಗಳನ್ನು ಹೊಸೆದು, ಗಂಟು ಹಾಕಿ, ಉಳಿದ ನೂಲನ್ನು ಹಲ್ಲಿನಿಂದ ಕಡಿಯುವಾಗಲೇ ಮುದುಕಿ ಹೊರಬಂದು ಕೂಗಿದಳು. ಅವಳ ಮಗ ಓಡಿ ಬಂದು ಕಾಕಾರ ಮಣಿಕಟ್ಟು ಹಿಡಿದ. ಶಾರದಾಳ ಮಾತು ನೆನಪಾಯಿತು. ನನಗೆ ಅವರ ಭಾಷೆ ಬರುತ್ತಿರಲಿಲ್ಲ.

ಕಾಕಾ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಗಂಟು ತೋರಿಸಿದರು. ಮುದುಕಿ ಬಗ್ಗಿ, ಅದನ್ನು ಎರಡು ಬೆರಳ ನಡುವೆ ಉಜ್ಜಿದಳು, ಥೇಟ್ ಕಾಕಾರಂತೆಯೇ. ಎಳೆದು ನೋಡಿದಳು. ಗಂಟು ಬಿಚ್ಚಿಕೊಳ್ಳಲಿಲ್ಲ. ಮಗನಿಗೆ ಏನೋ ಹೇಳಿದಳು, ಅವನು ಕೈ ಬಿಟ್ಟ. ಅಂದು ಮಧ್ಯಾಹ್ನದವರೆಗೆ ಕಾಕಾ, ಮುದುಕಿ ಇಬ್ಬರೂ ಮಗ್ಗದ ಮುಂದೆ ಕುಳಿತು ಒಬ್ಬರ ಗಂಟು ಒಬ್ಬರಿಗೆ ಕಲಿಸಿದರು. ಚಹಾ ಆರಿಹೋಯಿತು. ನಮ್ಮ ಊಟ ಅಲ್ಲಿಯೇ ಆಯಿತು. ಹೊರಡುವಾಗ ಮಗ ತನ್ನ ಫೋನ್ ನಂಬರು ಬರೆದುಕೊಟ್ಟ.

"ಅಂಜಿದ್ರೇನ್ರಿ ಮಾಸ್ತರ?" ಎಂದು ಹೊರಗೆ ಬಂದ ಮೇಲೆ ಕಾಕಾ ನಕ್ಕರು. "ಅವ ಹಿಡದಾಗನ ನನಗ ತಿಳೀತು, ಅವನೂ ನೇಕಾರ ಅಂತ. ಬೆರಳತುದಿ ಗಟ್ಟಿ ಅದಾವ."

ಈಚೆಗೆ ಟಿವಿಯಲ್ಲಿ ಆ ದೇಶದ ಮೇಲೆ ಬಾಂಬಿನ ಹೊಗೆ ದಿನವೂ ಕಾಣತೊಡಗಿದಾಗ ಕಾಕಾ ಲಕ್ವ ಹೊಡೆದು ಮಲಗಿದ್ದರು. "ಆ ಮುದುಕಿ ಖಬರ ಏನರ ಐತೇನ್ರಿ?" ಎಂದು ತೊದಲಿದರು. ಮುದುಕಿಯ ಮಗನಿಗೆ ದಿನಾ ಮೆಸೇಜು ಹಾಕುತ್ತಿದ್ದೆ, ಉತ್ತರವಿರಲಿಲ್ಲ. ಇಲ್ಲವೆಂದೆ. ಎಡಗೈಯಿಂದ ನನ್ನ ಅಂಗಿಯ ಅಂಚು ಹಿಡಿದು, ಎರಡು ಬೆರಳ ನಡುವೆ ಉಜ್ಜಿದರು. ನಮ್ಮ ಕೊನೆಯ ಭೇಟಿ ಅದೇ.

ಅವರು ತೀರಿಕೊಂಡ ಐದನೇ ದಿನ ಒಂದು ಫೋಟೋ ಬಂತು: ಅದೇ ಹಾಸಿನ ಮೇಲೆ ಮುದುಕಿ, ಮುಂದೆ ಚಹಾದ ಲೋಟಗಳು. ಶಾರದಾಳಿಗೆ ತೋರಿಸಿದೆ.

"ಅಪ್ಪನ ಗಂಟು ಎಲ್ಲೈತ್ರಿ?"

ಫೋಟೋ ದೊಡ್ಡದು ಮಾಡಿ, ಅಂಚಿನಿಂದ ಅಂಚಿಗೆ ಹುಡುಕಿದೆ. ಕಾಣಲಿಲ್ಲ.

ಅಳುತ್ತಿದ್ದವಳು ನಕ್ಕಳು: "ಕಂಡ್ರ ಅದು ಅಪ್ಪನ ಗಂಟ ಅಲ್ಲ ಬಿಡ್ರಿ ಅಣ್ಣಾ."